ಮನೋವಿಜ್ಞಾನದ ಪುಸ್ತಕ, ಪ್ರಬಂಧ ಓದುವುದು ಹೇಗೆ? ನಮ್ಮ ಭಾಗದ ಓದುಗರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಒಂದು ತರಬೇತಿಗೆ ಹೋಗಿದ್ದೆ. ಮಕ್ಕಳಲ್ಲಿ ಮೂರು ಥರದವರು ಇರುತ್ತಾರೆ ಅಂತ ಅಲ್ಲಿ ಹೇಳಿಕೊಟ್ಟರು: ನೋಡಿ ಕಲಿಯುವವರು, ಕೇಳಿ ಕಲಿಯುವವರು, ಕೈಯಿಂದ ಮಾಡಿ ಕಲಿಯುವವರು. ಒಂದು ಪುಸ್ತಕವನ್ನೂ ಕೊಟ್ಟರು. ಮೆದುಳಿನ ಬಣ್ಣದ ಚಿತ್ರ, ಬಾಣದ ಗುರುತು, ಎಲ್ಲ ಇತ್ತು. ನಾನು ನಂಬಿದೆ. ಸಿರುಗುಪ್ಪ ತಾಲ್ಲೂಕಿನ ನಮ್ಮ ಹೈಸ್ಕೂಲಿಗೆ ವಾಪಸ್ ಬಂದು ಎಂಟನೇ ಕ್ಲಾಸಿನ ಮಕ್ಕಳನ್ನು ಮೂರು ಗುಂಪು ಮಾಡಿದೆ.

ಎರಡು ತಿಂಗಳಾದ ಮೇಲೆ ಒಬ್ಬ ಹುಡುಗಿಗೆ ಪಾಠ ಓದಮ್ಮ ಅಂದೆ. ಅವಳು ಎದ್ದು ನಿಂತಳು. ಪುಸ್ತಕ ತೆಗೆಯಲಿಲ್ಲ. "ನಾನು ಓದಿ ಕಲಿಯಾಕಿ ಅಲ್ಲಲ್ರೀ ಸರ್, ಕೈಲೆ ಮಾಡಿ ಕಲಿಯಾಕಿ" ಅಂದಳು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಪುಸ್ತಕದ ಮಾತಿಗೆ ಆಧಾರ ಏನಿದೆ ಅಂತ ಹುಡುಕಲು ಕೂತೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಜೊತೆಗಾರರು ಬರೆದ ಒಂದು ವಿಮರ್ಶಾ ಪ್ರಬಂಧ, ಅಂದರೆ ಅಲ್ಲಿಯವರೆಗಿನ ಅಧ್ಯಯನಗಳನ್ನು ತೂಗಿ ನೋಡಿದ ಬರಹ, ಸಿಕ್ಕಿತು. ಮಕ್ಕಳ ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಜಾಸ್ತಿ ಆಗುತ್ತದೆ ಅನ್ನಲು ಸರಿಯಾದ ಪುರಾವೆ ಇಲ್ಲ ಅಂತ ಅದರಲ್ಲಿ ನೇರವಾಗಿ ಬರೆದಿತ್ತು. ಸರಿಯಾದ ರೀತಿಯಲ್ಲಿ ಪರೀಕ್ಷೆ ಮಾಡಿದ ಅಧ್ಯಯನಗಳೇ ಬಹಳ ಕಡಿಮೆ. ಮಾಡಿದವುಗಳಲ್ಲಿ ಕೆಲವು ಉಲ್ಟಾ ಹೇಳುತ್ತಿದ್ದವು. ಅದು ಪ್ರಕಟವಾಗಿ ಆಗಲೇ ಎಷ್ಟೋ ವರ್ಷ ಆಗಿತ್ತು.

ಆ ಹುಡುಗಿಗೆ ಮತ್ತೆ ಓದುವ ಧೈರ್ಯ ಬರಲು ಒಂದು ವರ್ಷ ಹಿಡಿಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಿ.ಎಡ್. ಓದುವವರು, ನರ್ಸಿಂಗ್ ವಿದ್ಯಾರ್ಥಿಗಳು, ಮಕ್ಕಳ ಬಗ್ಗೆ ಚಿಂತೆ ಮಾಡುವ ಅಪ್ಪ-ಅಮ್ಮ, ಸುಮ್ನೆ ಮನಸ್ಸಿನ ಬಗ್ಗೆ ಕುತೂಹಲ ಇರುವವರು, ಯಾರು ಬೇಕಾದರೂ ಈ ಹೆಜ್ಜೆಗಳನ್ನು ಹಿಡಿಯಬಹುದು. ಉದ್ದಕ್ಕೂ ಒಂದೇ ಪ್ರಶ್ನೆ ಕೈಯಲ್ಲಿ ಇಟ್ಟುಕೊಳ್ಳಿ: ಇದನ್ನು ಯಾರನ್ನು ನೋಡಿ ಬರೆದರು?

ಹೆಜ್ಜೆ 1: ಕೈಯಲ್ಲಿರುವುದು ಯಾವ ಥರದ ಬರಹ?

ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಯಶಸ್ಸು, ಆತ್ಮವಿಶ್ವಾಸ, ಮೆದುಳಿನ ಶಕ್ತಿ ಅಂತ ಸಾಲಾಗಿ ಪುಸ್ತಕ ಇಟ್ಟಿರುತ್ತಾರೆ. ಅವುಗಳಲ್ಲಿ ಒಳ್ಳೆಯ ಮಾತು ಇರಬಹುದು. ಆದರೆ ಅದು ಮನೋವಿಜ್ಞಾನ ಅಲ್ಲ. ಪರೀಕ್ಷೆ ಮಾಡಿ ನೋಡಿದ ಮಾತು ಬೇರೆ, ಅನುಭವದ ಮಾತು ಬೇರೆ. ಎರಡನೆಯದನ್ನು ಬೈಯುತ್ತಿಲ್ಲ. ಒಂದನ್ನು ಇನ್ನೊಂದು ಅಂದುಕೊಂಡರೆ ತೊಂದರೆ.

ಸುಲಭದ ಪರೀಕ್ಷೆ ಹೀಗೆ. ಪುಸ್ತಕದಲ್ಲಿ ಯಾವುದಾದರೂ ಒಂದು ದೊಡ್ಡ ಹೇಳಿಕೆ ಹಿಡಿಯಿರಿ. 'ವಿಜ್ಞಾನಿಗಳು ಹೇಳುತ್ತಾರೆ' ಅಂತ ಮಾತ್ರ ಇದೆಯಾ? ಅಥವಾ ಯಾರು, ಯಾವ ವರ್ಷ, ಯಾವ ಪತ್ರಿಕೆಯಲ್ಲಿ ಅಂತ ಇದೆಯಾ? ಎರಡನೆಯದು ಇದ್ದರೆ ನಾವೇ ಹೋಗಿ ನೋಡಬಹುದು. 'ಮನುಷ್ಯ ಮೆದುಳಿನ ಶೇ 10 ಮಾತ್ರ ಬಳಸುತ್ತಾನೆ' ಅನ್ನುವ ಸಾಲು ಕಂಡರೆ ಪುಸ್ತಕ ಅಲ್ಲೇ ಇಟ್ಟು ಬನ್ನಿ. ಅದು ಸುಳ್ಳು.

ದೊಡ್ಡ ವಿದ್ವಾಂಸರ ಜನಪ್ರಿಯ ಪುಸ್ತಕವನ್ನೂ ಪ್ರಕಟವಾದ ವರ್ಷ ನೋಡಿಯೇ ಓದಬೇಕು. ನೊಬೆಲ್ ಪಡೆದ ಡೇನಿಯಲ್ ಕಾನೆಮನ್ 2011ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ, ಕಣ್ಣಿಗೆ ಬಿದ್ದ ಒಂದು ಪದ ನಮಗೆ ಗೊತ್ತಿಲ್ಲದೆಯೇ ನಮ್ಮ ನಡವಳಿಕೆ ಬದಲಿಸುತ್ತದೆ ಅನ್ನುವ ಪ್ರಯೋಗಗಳ ಬಗ್ಗೆ ಒಂದು ಅಧ್ಯಾಯ ಬರೆದಿದ್ದರು. ಆ ಪ್ರಯೋಗಗಳಲ್ಲಿ ಹಲವು ಆಮೇಲೆ ನಿಲ್ಲಲಿಲ್ಲ. 2017ರಲ್ಲಿ ಅವರೇ ಮುಂದೆ ಬಂದು, ಕಡಿಮೆ ಜನರ ಮೇಲೆ ಮಾಡಿದ ಅಧ್ಯಯನಗಳನ್ನು ಅತಿಯಾಗಿ ನಂಬಿಬಿಟ್ಟೆ ಅಂತ ಬಹಿರಂಗವಾಗಿ ಒಪ್ಪಿಕೊಂಡರು. ನನಗೆ ಅವರ ಮೇಲಿನ ಗೌರವ ಅದರಿಂದ ಜಾಸ್ತಿಯೇ ಆಯಿತು.

ಹೆಜ್ಜೆ 2: ತಳಪಾಯ ಹಾಕಿಕೊಳ್ಳಿ

ನೇರ ಸಂಶೋಧನಾ ಪ್ರಬಂಧಕ್ಕೆ ಕೈ ಹಾಕಬೇಡಿ. ಮೊದಲು ಒಂದು ಪಠ್ಯಪುಸ್ತಕ ಪೂರ್ತಿ ಓದಿ. ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಮನೋವಿಜ್ಞಾನ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಇಂಗ್ಲಿಷ್ ಸರಳವಾಗಿದೆ, ಉದಾಹರಣೆಗಳು ನಮ್ಮ ದೇಶದವು. ಇನ್ನೂ ಆಳ ಬೇಕು ಅಂದರೆ ಓಪನ್‌ಸ್ಟ್ಯಾಕ್ಸ್‌ನವರ ಮನೋವಿಜ್ಞಾನದ ಪಠ್ಯ ಪೂರ್ತಿ ಉಚಿತ. ಇಗ್ನೋದ ಇ-ಜ್ಞಾನಕೋಶದಲ್ಲಿ ಎಂ.ಎ. ಪಾಠಗಳೇ ಇವೆ.

ಕನ್ನಡದಲ್ಲಿ ಏನಿದೆ? ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾಗಿದ್ದು 1924ರಲ್ಲಿ, ಎಂ.ವಿ. ಗೋಪಾಲಸ್ವಾಮಿಯವರಿಂದ. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿ, 'ಆಕಾಶವಾಣಿ' ಅನ್ನುವ ಹೆಸರಿನಲ್ಲಿ ನಡೆಸಿದವರೂ ಇವರೇ. ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋವೈದ್ಯಕೀಯದ ಪುಸ್ತಕಕ್ಕೆ ಸಾಹಿತ್ಯದ ಪ್ರಶಸ್ತಿ! ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಸಣ್ಣ ಸಣ್ಣ ಪುಸ್ತಕಗಳನ್ನು ಜಿಲ್ಲಾ ಗ್ರಂಥಾಲಯದಲ್ಲಿ, ಊರಿನ ಅರಿವು ಕೇಂದ್ರದಲ್ಲಿ ಕೇಳಿ ನೋಡಿ.

ಕನ್ನಡ ಪುಸ್ತಕ ಓದುವಾಗ ಒಂದು ಪದಗಳ ನೋಟ್‌ಬುಕ್ ಇಡಿ. ಖಿನ್ನತೆಗೂ ಬೇಸರಕ್ಕೂ ವ್ಯತ್ಯಾಸ ಏನು, ಆತಂಕಕ್ಕೂ ಭಯಕ್ಕೂ ಏನು ಅಂತ ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ಇಂಗ್ಲಿಷ್ ಪದವೂ ಇರಲಿ, ಹುಡುಕುವಾಗ ಬೇಕಾಗುತ್ತದೆ. ಹಳೆಯ ಪುಸ್ತಕದ ಭಾಷೆ ಚೆನ್ನಾಗಿರುತ್ತದೆ, ಕಾಯಿಲೆಗಳ ವಿಂಗಡಣೆ ಮಾತ್ರ ಹಳೆಯದಾಗಿರುತ್ತದೆ. ಆ ಭಾಗಕ್ಕೆ ಹೊಸ ಪಠ್ಯವನ್ನೇ ನೋಡಿ.

ಹೆಜ್ಜೆ 3: ಪ್ರಬಂಧ ಹುಡುಕುವುದು

ಗೂಗಲ್ ಸ್ಕಾಲರ್ ಸಾಕು, ಮೊಬೈಲಿನಲ್ಲೇ ಆಗುತ್ತದೆ. ಹುಡುಕುವ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಆ ಪದಗಳು ಜೊತೆಯಾಗಿ ಇರುವಂಥವು ಮಾತ್ರ ಬರುತ್ತವೆ. ಪ್ರತಿ ಫಲಿತಾಂಶದ ಕೆಳಗೆ, ಇದನ್ನು ಮುಂದೆ ಎಷ್ಟು ಜನ ಉಲ್ಲೇಖಿಸಿದ್ದಾರೆ ಅನ್ನುವ ಕೊಂಡಿ ಇರುತ್ತದೆ. ನನ್ನ ಪ್ರಕಾರ ಇಡೀ ಪುಟದಲ್ಲಿ ಅತಿ ಉಪಯೋಗದ ಕೊಂಡಿ ಅದೇ. ಒತ್ತಿದರೆ ಆ ಪ್ರಬಂಧವನ್ನು ಒಪ್ಪಿದವರು, ಜಗಳಕ್ಕೆ ನಿಂತವರು, ಎಲ್ಲರೂ ಸಿಗುತ್ತಾರೆ.

ದುಡ್ಡು ಕೇಳುವ ಪುಟ ಬಂದರೆ ಹೆದರಬೇಡಿ. 'ಎಲ್ಲ ಆವೃತ್ತಿಗಳು' ಅನ್ನುವುದನ್ನು ಒತ್ತಿ, ಬಹಳ ಸಲ ಲೇಖಕರೇ ಹಾಕಿದ ಉಚಿತ ಪ್ರತಿ ಸಿಗುತ್ತದೆ. ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಲಕ್ಷಾಂತರ ಪ್ರಬಂಧ ಪೂರ್ತಿ ತೆರೆದಿವೆ. ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ ಎಲ್ಲರಿಗೂ ಉಚಿತ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಇದೆ. ಸರ್ಕಾರಿ ವಿಶ್ವವಿದ್ಯಾಲಯ, ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದರೆ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ಬಗ್ಗೆ ಗ್ರಂಥಪಾಲಕರನ್ನು ಕೇಳಿ. 2025ರ ಜನವರಿ 1ರಿಂದ ಜಾರಿಗೆ ಬಂದಿದೆ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಅದರಲ್ಲಿವೆ. ಏನೂ ಸಿಗಲಿಲ್ಲ ಅಂದರೆ ಲೇಖಕರಿಗೇ ಎರಡು ಸಾಲಿನ ಇಮೇಲ್ ಬರೆಯಿರಿ. ಬಹಳಷ್ಟು ಜನ ಖುಷಿಯಿಂದ ಕಳಿಸುತ್ತಾರೆ.

ನಮ್ಮ ಭಾಗದ ಅಧ್ಯಯನ ಹುಡುಕುವವರಿಗೆ ಒಂದು ಗುಟ್ಟು. 2014ರ ನವೆಂಬರ್ 1ಕ್ಕೆ ಮುಂಚೆ ಬಳ್ಳಾರಿಯ ಇಂಗ್ಲಿಷ್ ಸ್ಪೆಲಿಂಗ್ ಬೇರೆ ಇತ್ತು. 'ಬಿ' ಆದ ಮೇಲೆ 'ಎ' ಅಲ್ಲ 'ಇ', ಕೊನೆಗೆ 'ಐ' ಅಲ್ಲ 'ವೈ'. ಹೊಸ ಸ್ಪೆಲಿಂಗ್ ಹಾಕಿದರೆ ಅತಿ ಮುಖ್ಯವಾದ ಬರಹಗಳೇ ತಪ್ಪಿಹೋಗುತ್ತವೆ. ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು, ಹಾಗಾಗಿ ಹಳೆಯದಕ್ಕೆ ರಾಯಚೂರು ಅಂತಲೇ ಹುಡುಕಬೇಕು.

ಹಳೆಯ ಸ್ಪೆಲಿಂಗ್ ಜೊತೆ 'ಮಾನಸಿಕ ಆರೋಗ್ಯ' ಅನ್ನುವುದರ ಇಂಗ್ಲಿಷ್ ಪದ ಸೇರಿಸಿ ಹುಡುಕಿದ ದಿನ ನನಗೆ ಮೈ ಜುಮ್ಮೆಂದಿತ್ತು. 1985ರಿಂದ 1990ರವರೆಗೆ ನಿಮ್ಹಾನ್ಸ್ ನಮ್ಮ ಜಿಲ್ಲೆಯಲ್ಲೇ ಒಂದು ಪ್ರಯೋಗ ನಡೆಸಿತು. ಮಾನಸಿಕ ಕಾಯಿಲೆಗೆ ದೊಡ್ಡ ಊರಿನ ಆಸ್ಪತ್ರೆಗೇ ಹೋಗಬೇಕಾ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಬೇಕಾದ ಕೆಲವು ಔಷಧ ಅಲ್ಲೇ ಇಟ್ಟರೆ ಆಗುವುದಿಲ್ಲವಾ ಅನ್ನುವುದು ಪ್ರಶ್ನೆ. ಆಗುತ್ತದೆ ಅಂತ ಕಂಡಿತು. ಇದೇ ಮಾದರಿಯ ಮೇಲೆ 1996ರಲ್ಲಿ ದೇಶದ 4 ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿ ಆಮೇಲೆ ಹರಡಿತು. ವಿದ್ವತ್ ಬರಹಗಳಲ್ಲಿ ಅದಕ್ಕೆ ಇವತ್ತಿಗೂ 'ಬಳ್ಳಾರಿ ಮಾದರಿ' ಅಂತಲೇ ಹೆಸರು. ಬಳ್ಳಾರಿ ಅಂದರೆ ಕೋಟೆ, ಗಣಿ, ಜೀನ್ಸ್ ಅನ್ನುತ್ತೇವೆ. ಇದನ್ನು ನಮ್ಮ ಮಕ್ಕಳಿಗೆ ಯಾಕೆ ಹೇಳಿಲ್ಲ ಅಂತ ನನಗೆ ಇನ್ನೂ ಬೇಜಾರಿದೆ.

ಹೆಜ್ಜೆ 4: ಪ್ರಬಂಧವನ್ನು ಮಧ್ಯದಿಂದ ಓದಿ

ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಲು ಹೋದರೆ ಎರಡನೇ ಪುಟದಲ್ಲೇ ಸುಸ್ತಾಗುತ್ತದೆ. ಮೊದಲು ಸಾರಾಂಶ ಓದಿ. ಆಮೇಲೆ ಪೀಠಿಕೆ ಬಿಟ್ಟು ನೇರ 'ವಿಧಾನ' ಅನ್ನುವ ಭಾಗಕ್ಕೆ ಹೋಗಿ. ಅಲ್ಲಿ ನಮ್ಮ ಪ್ರಶ್ನೆಗೆ ಉತ್ತರ ಇರುತ್ತದೆ: ಯಾರನ್ನು ನೋಡಿದರು, ಎಷ್ಟು ಜನ, ಅವರಿಗೆ ಏನು ಮಾಡಿಸಿದರು. ಆಮೇಲೆ ಫಲಿತಾಂಶದ ಪಟ್ಟಿ, ಚಿತ್ರ. ಆಮೇಲೆ ಲೇಖಕರೇ ಒಪ್ಪಿಕೊಂಡ ಮಿತಿಗಳು. ಪೀಠಿಕೆ ಕೊನೆಗೆ.

ಒಂದನ್ನು ಕೈಹಿಡಿದು ಓದಿಸುತ್ತೇನೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 'ಸೈಕಾಲಜಿಕಲ್ ಸೈನ್ಸ್' ಪತ್ರಿಕೆಯಲ್ಲಿ ಬರೆದ ಪ್ರಬಂಧ. ಪುಸ್ತಕ ಮುಚ್ಚಿ ನೆನಪು ಮಾಡಿಕೊಳ್ಳುವುದು ಒಳ್ಳೆಯದೋ, ಅದನ್ನೇ ಮತ್ತೆ ಓದುವುದೋ?

ವಿಧಾನ ನೋಡೋಣ. ಅಮೆರಿಕದ ವಾಷಿಂಗ್ಟನ್ ಯೂನಿವರ್ಸಿಟಿಯ 120 ವಿದ್ಯಾರ್ಥಿಗಳು. ಎರಡು ಸಣ್ಣ ಗದ್ಯಭಾಗ, ಒಂದು ಸೂರ್ಯನ ಬಗ್ಗೆ, ಇನ್ನೊಂದು ಸಮುದ್ರದ ನೀರುನಾಯಿಗಳ ಬಗ್ಗೆ. ನೀರುನಾಯಿ ಅಂತ ಓದಿದಾಗ ನನಗೆ ಕಂಪ್ಲಿಯ ಹೊಳೆ ನೆನಪಾಯಿತು. ನಮ್ಮ ತುಂಗಭದ್ರೆಯಲ್ಲೂ ನೀರುನಾಯಿ ಇವೆಯಲ್ವಾ. ಪ್ರತಿಯೊಬ್ಬರೂ ಒಂದು ಭಾಗವನ್ನು 7 ನಿಮಿಷ ಓದಿ, ಮತ್ತೆ 7 ನಿಮಿಷ ಅದನ್ನೇ ಓದಿದರು. ಇನ್ನೊಂದು ಭಾಗವನ್ನು 7 ನಿಮಿಷ ಓದಿ, ಆಮೇಲೆ ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆದರು. ಬರೆದದ್ದು ಸರಿಯೋ ತಪ್ಪೋ ಅಂತ ಯಾರೂ ಹೇಳಲಿಲ್ಲ.

ಈಗ ಫಲಿತಾಂಶ. 5 ನಿಮಿಷ ಬಿಟ್ಟು ಕೇಳಿದರೆ, ಮತ್ತೆ ಓದಿದ್ದರಲ್ಲಿ ಶೇ 81 ನೆನಪಿತ್ತು, ಬರೆದು ನೋಡಿದ್ದರಲ್ಲಿ ಶೇ 75. ಅಂದರೆ ಓದಿದ್ದೇ ಮೇಲು. ಇಲ್ಲಿಗೇ ನಿಲ್ಲಿಸಿದರೆ ನಾವು ತಪ್ಪು ತಿಳಿಯುತ್ತೇವೆ. ಒಂದು ವಾರ ಬಿಟ್ಟು ಬೇರೆ ಗುಂಪಿಗೆ ಕೇಳಿದಾಗ ಮತ್ತೆ ಓದಿದ್ದು ಶೇ 42ಕ್ಕೆ ಇಳಿದಿತ್ತು, ಬರೆದು ನೋಡಿದ್ದು ಶೇ 56. ತಕ್ಕಡಿ ತಿರುಗಿತು. ಎರಡನೇ ಪ್ರಯೋಗದಲ್ಲಿ ಇನ್ನೊಂದು ವಿಷಯ ಇದೆ. ಮತ್ತೆ ಮತ್ತೆ ಓದಿದವರಿಗೇ ನಮಗೆ ಚೆನ್ನಾಗಿ ನೆನಪಿರುತ್ತದೆ ಅನ್ನುವ ನಂಬಿಕೆ ಜಾಸ್ತಿ ಇತ್ತು. ಒಂದು ವಾರದ ನಂತರ ಅವರಿಗೇ ಕಡಿಮೆ ನೆನಪಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ನಾಲ್ಕು ಸಲ ಓದಿ 'ಎಲ್ಲ ಬರುತ್ತೆ ಸರ್' ಅನ್ನುವ ನಮ್ಮ ಹುಡುಗರು ಕಣ್ಣ ಮುಂದೆ ಬಂದರು.

ಇನ್ನು ನಮ್ಮ ಪ್ರಶ್ನೆ. ಯಾರನ್ನು ನೋಡಿದರು? ಅಮೆರಿಕದ ಒಳ್ಳೆಯ ವಿಶ್ವವಿದ್ಯಾಲಯದ 18 ದಾಟಿದ ಹುಡುಗ ಹುಡುಗಿಯರನ್ನು. ನನ್ನ ಕ್ಲಾಸಿನಲ್ಲಿ ಇರುವವರು 13 ವರ್ಷದವರು, ಕೆಲವರು ಭತ್ತದ ನಾಟಿಗೆ ಹೋಗಿ ಬರುವವರು. ಹಾಗಾಗಿ ಇದೊಂದರ ಮೇಲೆ ನಿಲ್ಲಬಾರದು. ಮುಂದೆ ಹೋದೆ. ಇಲಿನಾಯ್ ರಾಜ್ಯದ ಶಾಲಾ ಮಕ್ಕಳ ಮೇಲೂ ಇದನ್ನು ಮಾಡಿ ನೋಡಿದ್ದಾರೆ. 2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಜೊತೆಗಾರರು 10 ಓದುವ ವಿಧಾನಗಳನ್ನು ತೂಗಿ ನೋಡಿದರು. ನೆನಪು ಪರೀಕ್ಷಿಸಿಕೊಳ್ಳುವುದು ಮತ್ತು ಅಂತರ ಬಿಟ್ಟು ಓದುವುದು ಮೇಲೆ ಬಂದವು. ಗೆರೆ ಎಳೆಯುವುದು, ಮತ್ತೆ ಓದುವುದು ಕೆಳಗೆ. ಇಷ್ಟಾದ ಮೇಲೆ ಕ್ಲಾಸಿಗೆ ತಂದೆ. ಈಗ ಪಾಠದ ಕೊನೆಯ 5 ನಿಮಿಷ ಪುಸ್ತಕ ಮುಚ್ಚಿ, ಸ್ಲೇಟಿನ ಮೇಲೆ ನೆನಪಿದ್ದಷ್ಟು ಬರೆಯುತ್ತಾರೆ. ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಒಪ್ಪಿಸುತ್ತಿದ್ದ ನಮ್ಮ ಅಜ್ಜಂದಿರಿಗೆ ಇದು ಹೊಸತು ಅನ್ನಿಸುತ್ತಿರಲಿಲ್ಲ.

ಹೆಜ್ಜೆ 5: ಅಂಕಿಗಳಿಗೆ ಹೆದರಬೇಡಿ

ಮೂರು ವಿಷಯ ಗೊತ್ತಿದ್ದರೆ ಶುರುವಿಗೆ ಸಾಕು. 'ಪಿ' ಮೌಲ್ಯ 0.05ಕ್ಕಿಂತ ಕಡಿಮೆ ಅಂದರೆ, ನಿಜದಲ್ಲಿ ಏನೂ ವ್ಯತ್ಯಾಸ ಇರದಿದ್ದರೆ ಇಷ್ಟು ದೊಡ್ಡ ಅಂತರ ಬರೀ ಆಕಸ್ಮಿಕವಾಗಿ ಬರುವುದು ಅಪರೂಪ ಅಂತ ಅಷ್ಟೇ. ಪರಿಣಾಮ ದೊಡ್ಡದು ಅಂತ ಅರ್ಥ ಅಲ್ಲ. ಎಷ್ಟು ದೊಡ್ಡದು ಅನ್ನುವುದನ್ನು ಬೇರೆಯಾಗಿ ಹುಡುಕಿ ನೋಡಬೇಕು. ಮೂರನೆಯದು, ಎರಡು ಸಂಗತಿ ಜೊತೆಯಾಗಿ ಏರಿದರೆ ಒಂದು ಇನ್ನೊಂದಕ್ಕೆ ಕಾರಣ ಅಂತ ಅಲ್ಲ. ರಾಯಚೂರಿನಲ್ಲಿ ಏಪ್ರಿಲ್, ಮೇ ಬಂದರೆ ಮಜ್ಜಿಗೆ ವ್ಯಾಪಾರವೂ ಏರುತ್ತದೆ, ಬಿಸಿಲಿಗೆ ತಲೆಸುತ್ತಿ ಬೀಳುವವರೂ ಜಾಸ್ತಿ ಆಗುತ್ತಾರೆ. ಮಜ್ಜಿಗೆ ಕುಡಿದು ಬಿದ್ದರು ಅಂತ ಯಾರೂ ಅನ್ನುವುದಿಲ್ಲ. ಮೊಬೈಲ್ ಮತ್ತು ಖಿನ್ನತೆ ಬಗ್ಗೆ ಓದುವಾಗಲೂ ಅದೇ ಎಚ್ಚರ ಇರಲಿ.

ಹೆಜ್ಜೆ 6: ಮತ್ತೊಮ್ಮೆ ಮಾಡಿದಾಗಲೂ ಬಂತಾ?

2015ರಲ್ಲಿ ಒಂದು ದೊಡ್ಡ ತಂಡ 100 ಮನೋವಿಜ್ಞಾನ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೊದಲ ಸಲ ಹೆಚ್ಚುಕಡಿಮೆ ಎಲ್ಲವೂ ಗೆದ್ದಿದ್ದವು, ಅಂದರೆ 'ಪಿ' ಮೌಲ್ಯ 0.05ಕ್ಕಿಂತ ಕಡಿಮೆ ಬಂದಿತ್ತು. ಎರಡನೇ ಸಲ ಗೆದ್ದದ್ದು ಶೇ 36 ಮಾತ್ರ. ಮನೋವಿಜ್ಞಾನವೇ ಸುಳ್ಳು ಅಂತ ಇದರ ಅರ್ಥ ಅಲ್ಲ. ತಮ್ಮ ಮನೆಯನ್ನು ತಾವೇ ಗುಡಿಸಿಕೊಂಡ ಶಾಸ್ತ್ರ ಇದು.

ಮಿಠಾಯಿ ಪ್ರಯೋಗ ನೀವು ಕೇಳಿರಬಹುದು. ಮಗುವಿನ ಮುಂದೆ ಮಾರ್ಷ್‌ಮೆಲೋ ಇಟ್ಟು, ತಿನ್ನದೆ ಕಾದರೆ ಇನ್ನೊಂದು ಕೊಡುತ್ತೇವೆ ಅನ್ನುವುದು. ಕಾದ ಮಕ್ಕಳು ಮುಂದೆ ಓದಿನಲ್ಲಿ ಮೇಲೆ ಬಂದರು ಅಂತ ಎಷ್ಟು ಭಾಷಣದಲ್ಲಿ ಹೇಳಿದ್ದಾರೋ. ಯಾರನ್ನು ನೋಡಿ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ನರ್ಸರಿ ಮಕ್ಕಳನ್ನು. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ನೋಡಿದಾಗ ಆ ನಂಟು ಸುಮಾರು ಅರ್ಧಕ್ಕೆ ಇಳಿಯಿತು. ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ಹಿಡಿದರೆ ಇನ್ನೂ ಸಣ್ಣದಾಯಿತು. ನಾಳೆ ಮನೆಯಲ್ಲಿ ತಿಂಡಿ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಮಗು ಇವತ್ತೇ ತಿಂದರೆ ಅದು ದುರ್ಬಲ ಮನಸ್ಸು ಹೇಗಾಗುತ್ತದೆ?

ಹೆಜ್ಜೆ 7: ನಮ್ಮ ಊರಿನ ಪಕ್ಕ ಇಟ್ಟು ನೋಡಿ

2008ರಲ್ಲಿ ಜೆಫ್ರಿ ಆರ್ನೆಟ್ ಅಮೆರಿಕದ 6 ದೊಡ್ಡ ಪತ್ರಿಕೆಗಳನ್ನು ಕೂತು ಎಣಿಸಿದರು. ಅಧ್ಯಯನಕ್ಕೆ ಒಳಗಾದವರಲ್ಲಿ ಶೇ 96 ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಜಗತ್ತಿನ ಉಳಿದ ಜನಕ್ಕೆಲ್ಲ ಸೇರಿ ಶೇ 4. ನಮ್ಮ ದೇಶದ ಅಂಕಿಗೂ ಇದೇ ಪ್ರಶ್ನೆ ಹಾಕಿ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ಬೆಂಗಳೂರಿನ ನಿಮ್ಹಾನ್ಸ್ ನಡೆಸಿತು, ವಯಸ್ಕರಲ್ಲಿ ಶೇ 10.6 ಮಂದಿಗೆ ಆಗ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು ಅಂದಿತು. ಆದರೆ ಅದು ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಆ ಅಂಕಿಯನ್ನು ಕೊಪ್ಪಳಕ್ಕೆ ಹಾಗೇ ಅಂಟಿಸುವ ಮುಂಚೆ ಯೋಚಿಸಬೇಕು.

ಪ್ರಶ್ನಾವಳಿಗಳಲ್ಲಿ ಇದು ಇನ್ನೂ ಸೂಕ್ಷ್ಮ. ಖಿನ್ನತೆ ಅಳೆಯಲು 9 ಪ್ರಶ್ನೆಗಳ ಒಂದು ಪಟ್ಟಿ ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. ಪ್ರತಿ ಪ್ರಶ್ನೆಗೆ 0ಯಿಂದ 3 ಅಂಕ, ಒಟ್ಟು 27. ಈಗ ನಮ್ಮ ಹಳ್ಳಿಯ ಅಮ್ಮನಿಗೆ 'ನಿಮಗೆ ಖಿನ್ನತೆ ಅನ್ನಿಸುತ್ತದೆಯೇ' ಅಂತ ಕೇಳಿ. ಇಲ್ಲಪ್ಪ ಅನ್ನುತ್ತಾಳೆ. ಐದು ನಿಮಿಷ ಕೂತು ಮಾತಾಡಿಸಿ. "ಎದಿ ಭಾರ ಆಗೈತಿ, ನಿದ್ದಿ ಹತ್ತವಲ್ದು, ಊಟ ಸೇರವಲ್ದು" ಅನ್ನುತ್ತಾಳೆ. ಪಟ್ಟಿಯ ಆ ಪ್ರಶ್ನೆಯಲ್ಲಿ ಅವಳಿಗೆ ಸೊನ್ನೆ ಬಿದ್ದಿರುತ್ತದೆ. ಆದ್ದರಿಂದ ಪ್ರಬಂಧ ಓದುವಾಗ ನೋಡಿ: ಪ್ರಶ್ನೆಗಳನ್ನು ಜನರ ಭಾಷೆಗೆ ತಂದರಾ? ಹಾಗೆ ತಂದದ್ದನ್ನು ಬೇರೆಯವರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಅರ್ಥ ಉಳಿದಿದೆಯಾ ಅಂತ ಪರೀಕ್ಷೆ ಮಾಡಿದರಾ? ಬೆಂಗಳೂರಿನ ಕನ್ನಡವನ್ನು ಲಿಂಗಸುಗೂರಿನಲ್ಲಿ ಓದಿ ಹೇಳಿದರಾ?

ಹೆಜ್ಜೆ 8: ಓದಿದ್ದನ್ನು ನಿಮ್ಮ ಮೇಲೆ ಹಚ್ಚಿಕೊಳ್ಳಬೇಡಿ

ಕಾಯಿಲೆಗಳ ಅಧ್ಯಾಯ ಓದುವಾಗ ಎಲ್ಲವೂ ತನಗೇ ಇದೆ ಅನ್ನಿಸುವುದು ಸಹಜ. ರೋಗ ಗುರುತಿಸುವ ಕೈಪಿಡಿಗಳು ತರಬೇತಿ ಇರುವವರಿಗೆ ಬರೆದವು. ಅವುಗಳಿಂದ ನಿಮಗೂ, ಮನೆಯವರಿಗೂ, ವಿದ್ಯಾರ್ಥಿಗಳಿಗೂ ಹೆಸರು ಹಚ್ಚಬೇಡಿ. ನಾನು ಆ ಹುಡುಗಿಗೆ ಹಚ್ಚಿದ್ದು ಒಂದು ಹೆಸರೇ. ನಿಜವಾಗಿ ಕಷ್ಟ ಇದ್ದರೆ ಓದು ನಿಲ್ಲಿಸಿ ಜನರ ಹತ್ತಿರ ಹೋಗಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು.

ಹೆಜ್ಜೆ 9: ಇಬ್ಬರು ಮೂವರು ಸೇರಿ ಓದಿ

ನಾವು ತಿಂಗಳಿಗೊಂದು ಭಾನುವಾರ ಐದಾರು ಜನ ಸೇರುತ್ತೇವೆ. ಮೇಷ್ಟ್ರು, ಒಬ್ಬ ಔಷಧ ಅಂಗಡಿಯವರು, ಇಬ್ಬರು ಬಿ.ಎಡ್. ಹುಡುಗಿಯರು. ಒಂದೇ ಪ್ರಬಂಧ. ಒಬ್ಬರು 'ವಿಧಾನ'ದ ಭಾಗವನ್ನು ಕನ್ನಡದಲ್ಲಿ ಹೇಳಬೇಕು, ಇಂಗ್ಲಿಷ್ ಓದುವಂತಿಲ್ಲ. ಹೇಳಲು ಆಗದೆ ತಡವರಿಸಿದ ಜಾಗವೇ ಅರ್ಥವಾಗದ ಜಾಗ, ಅಲ್ಲಿ ಎಲ್ಲರೂ ನಿಲ್ಲುತ್ತೇವೆ. ಒಗ್ಗಾಣಿ, ಮಿರ್ಚಿ ಆದಮೇಲೆ ಅಂಕಿಗಳು.

ಮುಂದಿನ ತಿಂಗಳಿಗೆ ಬಳ್ಳಾರಿ ಮಾದರಿಯ ಬಗ್ಗೆ ಒಂದು ಹಳೆಯ ಪ್ರಬಂಧ ಇಟ್ಟುಕೊಂಡಿದ್ದೇವೆ. ಆ ವರ್ಷಗಳಲ್ಲಿ ಈ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದು, ಈಗ ನಿವೃತ್ತರಾಗಿರುವ ಒಬ್ಬ ನರ್ಸಮ್ಮನನ್ನು ಕರೆದಿದ್ದೇವೆ. ಬರುತ್ತೇನೆ ಅಂದಿದ್ದಾರೆ. ಪ್ರಬಂಧವನ್ನು ಮೊದಲೇ ಕೊಡಿ, ಓದಿಕೊಂಡು ಬರುತ್ತೇನೆ ಅಂತಲೂ ಅಂದರು.